ದಿನಕ್ಕೆ ಎರಡು ಗಂಟೆ ಬಯಲು

ಮಗಳ ಕನ್ನಡಕದ ಪವರ್ ಮತ್ತೆ ಏರಿತ್ತು. ಮೊಬೈಲು ಎಷ್ಟು ಹೊತ್ತು ನೋಡುತ್ತಾಳೆ ಎಂದು ಡಾಕ್ಟರು ಕೇಳಿಯೇ ಕೇಳುತ್ತಾರೆ ಅಂದುಕೊಂಡು ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವರು ಕೇಳಿದ್ದು ಬೇರೆ. "ದಿನಾ ಎಷ್ಟು ಹೊತ್ತು ಹೊರಗಡೆ ಇರ್ತಾಳೆ?" ಸ್ಕೂಲ್ ವ್ಯಾನು ಹತ್ತುವಾಗ, ಇಳಿಯುವಾಗ ಅನ್ನುವುದು ಬಿಟ್ಟರೆ ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ. ಜೊತೆಯಲ್ಲಿ ಬಂದಿದ್ದ ಮಗ ಎರಡನೇ ಕ್ಲಾಸು. ಅವನನ್ನು ನೋಡಿ ಡಾಕ್ಟರು ಹೇಳಿದರು: "ಇವನಿಗಿನ್ನೂ ಬಂದಿಲ್ಲ. ದಿನಾ ಎರಡು ಗಂಟೆ ಆಚೆ ಬಿಡಿಯಮ್ಮ. ಸುಡುಬಿಸಿಲಲ್ಲಿ ನಿಲ್ಲಿಸಿ ಅಂತಲ್ಲ, ಮರದ ನೆರಳಾದ್ರೂ ಸಾಕು."

ಕಣ್ಣಿಗೂ ಬಯಲಿಗೂ ಇರುವ ನಂಟನ್ನು ನಾನು ತಿಳಿದುಕೊಂಡದ್ದು ಅಲ್ಲಿಂದ. ಚೆನ್ನಾಗಿ ದೀಪ ಹಾಕಿದ ಕ್ಲಾಸ್ ರೂಮಿನಲ್ಲೂ ಬೆಳಕು ಮುನ್ನೂರರಿಂದ ಐನೂರು ಲಕ್ಸ್ ದಾಟುವುದು ಅಪರೂಪ. ಹೊರಗೆ ಮರದ ನೆರಳಿನಲ್ಲೇ ಅದು ಸಾವಿರಗಳಲ್ಲಿ ಇರುತ್ತದೆ, ನೇರ ಬಿಸಿಲಿನಲ್ಲಿ ಒಂದು ಲಕ್ಷ ಮುಟ್ಟುತ್ತದೆ. ಅಷ್ಟು ಬೆಳಕು ಬಿದ್ದಾಗ ಅಕ್ಷಿಪಟಲದಲ್ಲಿ ಡೋಪಮಿನ್ ಹೆಚ್ಚು ಬಿಡುಗಡೆಯಾಗುತ್ತದೆ. ಬೆಳೆಯುವ ಮಗುವಿನ ಕಣ್ಣುಗುಡ್ಡೆ ಅತಿಯಾಗಿ ಉದ್ದವಾಗದಂತೆ ತಡೆಯುವುದರಲ್ಲಿ ಅದರ ಪಾತ್ರ ದೊಡ್ಡದು ಎಂದು ಸಂಶೋಧಕರು ಹೇಳುತ್ತಾರೆ. ಕಣ್ಣುಗುಡ್ಡೆ ಉದ್ದವಾದರೆ ಬರುವುದೇ ಸಮೀಪದೃಷ್ಟಿ. ಚೀನಾದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಾಂಗಣ ಪೀರಿಯಡ್ ಇಟ್ಟು ಮೂರು ವರ್ಷ ನೋಡಿದರು. ಹಾಗೆ ಹೊರಗೆ ಹೋದ ಮಕ್ಕಳಲ್ಲಿ ಶೇ. 30.4ರಷ್ಟು ಮಂದಿಗೆ ಸಮೀಪದೃಷ್ಟಿ ಬಂದಿತ್ತು, ಹೋಗದವರಲ್ಲಿ ಶೇ. 39.5. ಇದು 2015ರಲ್ಲಿ ಪ್ರಕಟವಾಯಿತು. ತೈವಾನ್ ಅದಕ್ಕೂ ಮೊದಲೇ, 2010ರಲ್ಲಿ, ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರಬೇಕು ಎಂಬ ಕಾರ್ಯಕ್ರಮವನ್ನು ಶಾಲೆಗಳಲ್ಲಿ ಶುರುಮಾಡಿತ್ತು. ಒಮ್ಮೆ ಬಂದ ಪವರ್ ಇದರಿಂದ ಹೋಗುವುದಿಲ್ಲ. ಬರುವುದು ತಡವಾಗುತ್ತದೆ, ಕೆಲವರಿಗೆ ಬರದೆಯೂ ಇರಬಹುದು. ಒಬ್ಬ ತಾಯಿಗೆ ಅಷ್ಟು ಸಾಕು.

ಮಕ್ಕಳನ್ನು ಹೊರಗೆ ಬಿಡಬೇಕಾದರೆ ನಾನೂ ಹೊರಗೆ ಬರಬೇಕು. ನನ್ನದು ಲೆಕ್ಕಪತ್ರದ ಕೆಲಸ, ಮನೆಯಿಂದಲೇ. ಬೆಳಗ್ಗೆ ಯೋಗ ಮಾಡುವ ಅಭ್ಯಾಸ ಬಹಳ ವರ್ಷಗಳಿಂದ ಇದೆ. ಅದಾದ ಮೇಲೆ ಕುರ್ಚಿ, ಸಂಜೆಯ ತನಕ ಕುರ್ಚಿ. ಯೋಗ ಮಾಡಿದ ಮೈಯೇ ಸಂಜೆಗೆ ಮರದ ಕೊರಡಾಗಿರುತ್ತಿತ್ತು, ಪಾದ ಊದಿರುತ್ತಿತ್ತು. ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವ ಕೆಲಸದಲ್ಲಿ ಮೀನಖಂಡದ ಪಾಲು ಬಹಳ ದೊಡ್ಡದು. ಆ ಸ್ನಾಯು ಅಲುಗಾಡದೆ ಗಂಟೆಗಟ್ಟಲೆ ಇದ್ದರೆ ಬೆಳಗಿನ ಆಸನಗಳು ಬಂದು ಅದರ ಕೆಲಸ ಮಾಡಿಕೊಡುವುದಿಲ್ಲ. ವ್ಯಾಯಾಮ ಮಾಡುವುದು, ದಿನವಿಡೀ ಕೂರದಿರುವುದು, ಇವೆರಡೂ ಬೇರೆ ಬೇರೆ. ನಾನು ಕಲಿತ ಮುಖ್ಯ ಪಾಠ ಇದೇ.

ಜೆರ್ರಿ ಮಾರಿಸ್ ಎಂಬ ವೈದ್ಯವಿಜ್ಞಾನಿ ಲಂಡನ್ನಿನ ಡಬ್ಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯನ್ನು ಅಧ್ಯಯನ ಮಾಡಿ 1953ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಡ್ರೈವರು, ಕಂಡಕ್ಟರು ಇಬ್ಬರದೂ ಅದೇ ಬಸ್ಸು, ಹೆಚ್ಚುಕಡಿಮೆ ಅದೇ ವರ್ಗದ ಬದುಕು. ಡ್ರೈವರು ಕೂತೇ ಇರುತ್ತಿದ್ದ, ಕಂಡಕ್ಟರು ಪಾಳಿಯುದ್ದಕ್ಕೂ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಸ್ಪಷ್ಟವಾಗಿ ಕಡಿಮೆ ಇತ್ತು. ಆ ಕಂಡಕ್ಟರುಗಳು ಜಿಮ್ಮಿಗೆ ಹೋದವರಲ್ಲ, ಟಿಕೆಟ್ ಕೊಟ್ಟವರು. ಈ ಮಾತು ನನಗೆ ಬಹಳ ಹಿಡಿಸಿತು. ಮಾರಿಸ್ ಸ್ವತಃ 99 ವರ್ಷ ಬದುಕಿದರು.

ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ ಗಡಿಯಲ್ಲಿದೆ. ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ ಎಂದು ಐಸಿಎಂಆರ್ ನೆರವಿನ ಅಧ್ಯಯನ 2023ರಲ್ಲಿ ಹೇಳಿತು. ಗಡಿಯಲ್ಲಿರುವವರು ಅದಕ್ಕಿಂತಲೂ ಹೆಚ್ಚು. ಊಟವಾದ ಮೇಲೆ ನಾಲ್ಕು ಹೆಜ್ಜೆ ಹಾಕಿ ಬನ್ನಿ ಎಂದು ನಮ್ಮತ್ತೆ ಯಾವಾಗಲೂ ಹೇಳುವವರು. ಅದಕ್ಕೆ ಗಟ್ಟಿ ಕಾರಣವಿದೆ. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ಈಗ ರಾತ್ರಿ ಊಟ ಬೇಗ ಮುಗಿಸಿ ನಾವಿಬ್ಬರೂ ಬೀದಿಯ ಕೊನೆಯ ತನಕ ಹೋಗಿ ಬರುತ್ತೇವೆ. ಟೀವಿ ಮುಂದೆ ಕೂತಾಗ ಆಡದೆ ಉಳಿಯುವ ಮಾತುಗಳು ಆ ಹಾದಿಯಲ್ಲಿ ತಾವಾಗಿ ಬರುತ್ತವೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಸಿಕ್ಕ ಈ ಹೊತ್ತನ್ನು ನಾನು ಸಕ್ಕರೆಯ ಅಂಕಿಗಿಂತ ಹೆಚ್ಚು ಬೆಲೆ ಕೊಟ್ಟು ಕಾಯ್ದುಕೊಂಡಿದ್ದೇನೆ.

ಸಂಜೆ ಮಾತ್ರ ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆರೆ, 1864ರದ್ದು. ಕುವೆಂಪು ಅವರು ವಾಯುವಿಹಾರಕ್ಕೆ ಬರುತ್ತಿದ್ದುದೂ ಇಲ್ಲಿಗೇ. ಏರಿಯ ಮಣ್ಣಿನ ಹಾದಿಯಲ್ಲಿ ಬೇರು, ಕಲ್ಲು, ತಗ್ಗು ಎಲ್ಲ ಇವೆ. ಟೈಲ್ಸ್ ನೆಲದ ಮೇಲೆ ಓಡಾಡಿ ಅಭ್ಯಾಸವಾದ ಪಾದಕ್ಕೆ ಇಲ್ಲಿ ಪ್ರತಿ ಹೆಜ್ಜೆಯಲ್ಲೂ ಸಣ್ಣ ಹೊಂದಾಣಿಕೆ ಬೇಕು. ಬೀಳದಂತೆ ಮೈ ಹಿಡಿಯುವ ಶಕ್ತಿ ಅದರಿಂದಲೇ ಬರುತ್ತದೆ. ಅತ್ತೆಯವರು ಮೊದಮೊದಲು ನನ್ನ ತೋಳು ಹಿಡಿದೇ ನಡೆಯುತ್ತಿದ್ದರು, ಈಗ ಅವರದ್ದೇ ಗುಂಪು, ಅವರದ್ದೇ ಕಲ್ಲುಬೆಂಚು. ಮಗ ಹೆಜ್ಜಾರ್ಲೆ ಇಳಿಯುವುದನ್ನು ನೋಡಲು ಕಾಯುತ್ತಾನೆ. ಅಷ್ಟು ಭಾರದ ಹಕ್ಕಿ ಕಾಲು ಮುಂದೆ ಚಾಚಿ ನೀರಿನ ಮೇಲೆ ಜಾರಿ ನಿಲ್ಲುವುದು ಅವನಿಗೆ ಇನ್ನೂ ಹಳೆಯದಾಗಿಲ್ಲ. ಆ ಹೊತ್ತಿನಲ್ಲಿ ಅವನು ಮೊಬೈಲು ಕೇಳಿದ್ದೇ ಇಲ್ಲ. ಮನೆಯಲ್ಲಿ ಕಿತ್ತುಕೊಂಡರೆ ರಂಪ ಮಾಡುವ ಹುಡುಗ ಇವನೇ. ಕಿತ್ತುಕೊಳ್ಳುವ ಮೊದಲು ಅದಕ್ಕಿಂತ ದೊಡ್ಡದೊಂದನ್ನು ಮಕ್ಕಳಿಗೆ ಕೊಡಬೇಕಾದ ಹೊಣೆ ನಮ್ಮದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ರಜಾದಿನ ಒಮ್ಮೊಮ್ಮೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇವೆ. ಮಂಡಿನೋವು ಇರುವವರು ಹತ್ತುವುದಕ್ಕಿಂತ ಇಳಿಯುವುದಕ್ಕೆ ಹೆದರಬೇಕು, ಮಂಡಿಯ ಮೇಲೆ ಭಾರ ಬೀಳುವುದು ಆಗಲೇ ಹೆಚ್ಚು. ಮೇಲಿಂದ ಸಿಟಿ ಬಸ್ಸು ಇದೆ, ನಾವು ಇಳಿಯುವುದು ಅದರಲ್ಲೇ.

ಇನ್ನೊಂದು ವಿಷಯ ಹೇಳಲೇಬೇಕು. 2022ರಲ್ಲಿ ನಮ್ಮ ದೇಶದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಸಾಕಷ್ಟು ಚಟುವಟಿಕೆ ಇಲ್ಲದವರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರ ಅಂದಾಜು. ಗಂಡಸರಲ್ಲಿ ಶೇ. 42, ಹೆಂಗಸರಲ್ಲಿ ಶೇ. 57. ಈ ಅಂತರ ಸೋಮಾರಿತನದ್ದಲ್ಲ. ಗಂಡಸು ಸುಮ್ಮನೆ ಹೊರಗೆ ಹೊರಟರೆ ಯಾರೂ ಏನೂ ಕೇಳುವುದಿಲ್ಲ. ಹೆಂಗಸಿನ ಕೈಯಲ್ಲಿ ಚೀಲವಿರಬೇಕು, ತರಕಾರಿಗೋ ದೇವಸ್ಥಾನಕ್ಕೋ ಹೊರಟಿರಬೇಕು. "ಎಲ್ಲಿಗೆ ಹೊರಟ್ರಿ?" ಎಂದು ಬೀದಿಯವರು ಕೇಳಿದಾಗ "ಎಲ್ಲಿಗೂ ಇಲ್ಲ, ಸುಮ್ನೆ ನಡ್ಕೊಂಡು ಬರ್ತೀನಿ" ಎನ್ನಲು ನನಗೇ ಬಹಳ ದಿನ ಹಿಡಿಯಿತು. ಈಗ ನಮ್ಮ ಬೀದಿಯಿಂದ ಇನ್ನೂ ಕೆಲವರು ಜೊತೆಯಾಗಿದ್ದಾರೆ. ಗುಂಪಿದ್ದರೆ ಆ ಪ್ರಶ್ನೆಯೇ ಬರುವುದಿಲ್ಲ, ಕತ್ತಲಾದರೂ ಭಯವಿಲ್ಲ.

ಮಕ್ಕಳ ಆಟಕ್ಕೆ ಮಾತ್ರ ಇಂಥ ಸುಲಭದ ದಾರಿ ಇಲ್ಲ. ಲಗೋರಿ, ಕುಂಟೆಬಿಲ್ಲೆ ಆಡಲು ಬೇಕಾಗಿದ್ದ ಖಾಲಿ ಸೈಟುಗಳಲ್ಲಿ ಮನೆ ಎದ್ದಿವೆ, ಬೀದಿಯ ಎರಡೂ ಬದಿ ಕಾರು ನಿಂತಿವೆ, ಬಡಾವಣೆಯ ಪಾರ್ಕಿನಲ್ಲಿ ಚೆಂಡಾಟ ನಿಷೇಧಿಸಿದೆ ಎಂಬ ಬೋರ್ಡು. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಳಿದಿರುವುದು ಶಾಲೆಯ ಮೈದಾನವೊಂದೇ. ಪರೀಕ್ಷೆ ಹತ್ತಿರ ಬಂದರೆ ಅಲ್ಲಿಯ ಪಿ.ಟಿ. ಪೀರಿಯಡ್ಡನ್ನೂ ಗಣಿತಕ್ಕೆ ಕೊಟ್ಟುಬಿಡುತ್ತಿದ್ದರು. ಪೇರೆಂಟ್ಸ್ ಮೀಟಿಂಗಿನಲ್ಲಿ ನಾನು ಎದ್ದು ನಿಂತು, ಪಿ.ಟಿ. ಪೀರಿಯಡ್ ತೆಗೆಯಬೇಡಿ ಎಂದು ಕೇಳಿದೆ. ಪೋರ್ಷನ್ ಮುಗಿಯುವುದು ಹೇಗೆ ಎಂದು ಕೆಲವು ತಂದೆತಾಯಂದಿರೇ ನನಗೆ ತಿರುಗಿಬಿದ್ದರು. ಹೆಡ್ ಮೇಡಂ ಕೊನೆಗೆ ಏಳನೇ ತರಗತಿಯವರೆಗೆ ಪಿ.ಟಿ. ಮುಟ್ಟುವುದಿಲ್ಲ ಎಂದು ಒಪ್ಪಿದರು. ಹೈಸ್ಕೂಲಿಗೆ ಒಪ್ಪಿಲ್ಲ. ಮಗಳು ಜೂನ್‌ನಲ್ಲಿ ಎಂಟನೇ ಕ್ಲಾಸಿಗೆ ಹೋಗುತ್ತಾಳೆ. ಮುಂದಿನ ಮೀಟಿಂಗಿಗೆ ನಮ್ಮ ನಡಿಗೆಯ ಗುಂಪಿನ ತಾಯಂದಿರೆಲ್ಲ ಒಟ್ಟಿಗೆ ಹೋಗಬೇಕೆಂದು ಮಾತಾಡಿಕೊಂಡಿದ್ದೇವೆ.