ಸ್ವಂತ ಬೋರ್ಡೋ, ತಿಂಗಳ ಸಂಬಳವೋ?

ಆಷಾಢದಲ್ಲಿ ಯಾರೂ ಗುದ್ದಲಿ ಪೂಜೆ ಮಾಡುವುದಿಲ್ಲ, ಧನುರ್ಮಾಸದಲ್ಲೂ ಅಷ್ಟೇ. ದಾವಣಗೆರೆಯಲ್ಲಿ ಮನೆ ಪ್ಲ್ಯಾನ್ ಹಾಕಿಕೊಡುವ ಸಿವಿಲ್ ಎಂಜಿನಿಯರ್ ಆಗಿ ಬದುಕಿದ್ದ ನನಗೆ ವರ್ಷದ ಈ ಎರಡು ತಿಂಗಳು ಹೊಸ ಕೆಲಸವೇ ಬರುತ್ತಿರಲಿಲ್ಲ. ಆದರೂ ಕಚೇರಿ ಬಾಡಿಗೆ, ಡ್ರಾಫ್ಟಿಂಗ್ ಮಾಡುವ ಹುಡುಗನ ಸಂಬಳ ಒಂದನೇ ತಾರೀಖಿಗೆ ಕೊಡಲೇಬೇಕಿತ್ತು.

ಹೀಗಿರುವಾಗ ಊರಿನಲ್ಲೇ ಒಂದು ನಿರ್ಮಾಣ ಕಂಪನಿ ವರ್ಷಕ್ಕೆ 9 ಲಕ್ಷದ ನೌಕರಿ ಕೊಡುವುದಾಗಿ ಹೇಳಿತು. ನಾನು ವರ್ಷಕ್ಕೆ ಬಿಲ್ ಮಾಡುತ್ತಿದ್ದ ಫೀಸು ಸುಮಾರು 12 ಲಕ್ಷ. ‘ಹನ್ನೆರಡು ಬಿಟ್ಟು ಒಂಬತ್ತಕ್ಕೆ ಹೋಗ್ತೀಯಾ?’ ಎಂದು ಗೆಳೆಯರು ಕೇಳಿದರು. ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡುವುದೇ ತಪ್ಪು. ಎರಡೂ ಮನೆಗೆ ಬರುವ ದುಡ್ಡಲ್ಲ.

ಮೊದಲು ಸ್ವಂತ ಕಚೇರಿಯ ಲೆಕ್ಕ. ತಿಂಗಳಿಗೆ ಸರಾಸರಿ 1 ಲಕ್ಷ. ಬಾಡಿಗೆ 9,000, ಹುಡುಗನಿಗೆ 20,000, ಸಾಫ್ಟ್‌ವೇರ್, ಕರೆಂಟು, ಫೋನು, ಪೆಟ್ರೋಲ್ ಸೇರಿ 12,000 ಕಳೆದರೆ 59,000 ಉಳಿಯಿತು. ಮನೆಮಂದಿಯ ಆರೋಗ್ಯ ವಿಮೆಯ ಕಂತೂ ಮುಪ್ಪಿಗೆಂದು ಕೂಡಿಡುವುದೂ ಇದರಲ್ಲೇ ಆಗಬೇಕು. ಅದೂ ಬಿಲ್ಲೆಲ್ಲ ವಸೂಲಾದರೆ. ನಾವು ಫೀಸನ್ನು ಮೂರು ಕಂತಿನಲ್ಲಿ ಕೇಳುತ್ತಿದ್ದೆವು: ಪ್ಲ್ಯಾನ್ ಒಪ್ಪಿದಾಗ, ಪಾಲಿಕೆಯ ಮಂಜೂರಾತಿ ಸಿಕ್ಕಾಗ, ಸ್ಲ್ಯಾಬ್ ಬಿದ್ದ ಮೇಲೆ. ಮೂರನೆಯದರ ಹೊತ್ತಿಗೆ ಮನೆ ಕಟ್ಟಿಸುವವರ ಕೈ ಖಾಲಿಯಾಗಿರುತ್ತದೆ. ಶನಿವಾರ ಬಟವಾಡೆ ಆಗದಿದ್ದರೆ ಗಾರೆಯವರು ಸೋಮವಾರ ಬರುವುದಿಲ್ಲ. ಎಂಜಿನಿಯರ್‌ಗೆ ಕೊಡದಿದ್ದರೂ ಗೋಡೆ ಏಳುತ್ತದೆ. ‘ಗೃಹಪ್ರವೇಶ ಮುಗೀಲಿ ಸಾರ್, ಕೊಡ್ತೀನಿ’ ಅನ್ನುತ್ತಾರೆ. ಹೆಚ್ಚಿನವರು ಮೋಸಗಾರರಲ್ಲ, ನಿಜವಾಗಿಯೂ ಸೋತಿರುತ್ತಾರೆ. ನೆಂಟರಾದರೆ ಎರಡನೇ ಸಲ ಕೇಳುವುದಕ್ಕೂ ಬಾಯಿ ಬರುವುದಿಲ್ಲ. ನನ್ನ ಲೆಕ್ಕದ ಪುಸ್ತಕದಲ್ಲಿ ‘ಬರಬೇಕಾದ್ದು’ ಎಂಬ ಪುಟ ತುಂಬಿದಷ್ಟು ಬೇಗ ಬೇರೆ ಯಾವ ಪುಟವೂ ತುಂಬುತ್ತಿರಲಿಲ್ಲ.

ಇನ್ನು ನೌಕರಿ. ವರ್ಷಕ್ಕೆ 9 ಲಕ್ಷವೆಂದರೆ ತಿಂಗಳಿಗೆ 75,000, ಆದರೆ ಅದರೊಳಗೆ ಕಂಪನಿ ಕಟ್ಟುವ ಪಿಎಫ್ ಮತ್ತು ಗ್ರಾಚ್ಯುಟಿಯೂ ಸೇರಿರುತ್ತವೆ. ಮೂಲ ವೇತನ 40,000 ಆದರೆ ಪೂರ್ತಿ ಮೊತ್ತದ ಮೇಲೆ 12 ಶೇಕಡಾದಂತೆ ಕಂಪನಿಯ ಪಾಲು 4,800, ನಮ್ಮ ಪಾಲು 4,800. ಗ್ರಾಚ್ಯುಟಿಗೆಂದು ಸುಮಾರು 1,900, ವೃತ್ತಿ ತೆರಿಗೆ 200. ಎಲ್ಲ ಹೋಗಿ ಕೈಗೆ 63,000 ಚಿಲ್ಲರೆ. ಪಿಎಫ್‌ನ 9,600 ಹೋದಂತೆ ಕಂಡರೂ ನಮ್ಮದೇ. 2024-25ಕ್ಕೆ ಅದರ ಬಡ್ಡಿ 8.25 ಶೇಕಡಾ ಇತ್ತು. ಗ್ರಾಚ್ಯುಟಿ ಮಾತ್ರ ಕಾಯಂ ನೌಕರರಿಗೆ ಐದು ವರ್ಷ ಪೂರೈಸಿದರೆ ಸಿಗುತ್ತದೆ. ಅದಕ್ಕೂ ಮೊದಲೇ ಬಿಡುವ ಅಂದಾಜಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಈ ಮಟ್ಟದ ಆದಾಯದಲ್ಲಿ ತೆರಿಗೆ ಏನನ್ನೂ ತೀರ್ಮಾನಿಸುವುದಿಲ್ಲ. ಎಂಜಿನಿಯರ್, ವೈದ್ಯ, ವಕೀಲರಂಥ ವೃತ್ತಿಯವರು ಸ್ವೀಕರಿಸಿದ ಫೀಸಿನ ಅರ್ಧವನ್ನೇ ಆದಾಯವೆಂದು ತೋರಿಸಲು ಅವಕಾಶವಿದೆ. ಹೊಸ ಪದ್ಧತಿಯಲ್ಲಿ ಈಗ 12 ಲಕ್ಷದವರೆಗೂ ತೆರಿಗೆ ಬೀಳುವುದಿಲ್ಲ, ಸಂಬಳದಾರರಿಗೆ ಇನ್ನೂ 75,000ದ ವಿನಾಯಿತಿ. ಆದರೆ ಅರ್ಧ ತೋರಿಸಿದ್ದರ ಬಿಸಿ ಗೃಹಸಾಲಕ್ಕೆ ಹೋದಾಗ ತಟ್ಟುತ್ತದೆ. ಸ್ವಂತ ಉದ್ಯೋಗದವರ ಎರಡು ಮೂರು ವರ್ಷದ ರಿಟರ್ನ್ಸ್ ನೋಡಿ ಬ್ಯಾಂಕು ಸಾಲದ ಮಿತಿ ಹೇಳುತ್ತದೆ. ಸಂಬಳದಾರ ಇತ್ತೀಚಿನ ಸ್ಯಾಲರಿ ಸ್ಲಿಪ್, ಫಾರ್ಮ್ 16 ಹಿಡಿದು ಹೋದರೆ ಮಾತು ಸಲೀಸು.

ನಾನು ನೌಕರಿಗೆ ಸೇರಿದೆ. 63,000ಕ್ಕೂ 59,000ಕ್ಕೂ ಇರುವ ವ್ಯತ್ಯಾಸ ನೋಡಿ ಅಲ್ಲ. ವರ್ಷದ ಅತಿ ಕೆಟ್ಟ ತಿಂಗಳಲ್ಲಿ ಮನೆಗೆ ಎಷ್ಟು ತಂದಿದ್ದೆ ಎಂದು ಪಾಸ್‌ಬುಕ್ ತಿರುವಿದೆ. ಮಕ್ಕಳ ಶಾಲಾ ಫೀಸು ಕಟ್ಟುವ ಹೊತ್ತಿಗೇ ಆಷಾಢ ಬರುತ್ತಿತ್ತು. ಸರಾಸರಿ ನೋಡಿ ಮನೆ ನಡೆಸಲಾಗದು. ಬೆಂಗಳೂರಿನ ಕೆಲಸವಾಗಿದ್ದರೆ ಅಲ್ಲಿನ ಮನೆ ಬಾಡಿಗೆ ಕಳೆದ ಮೇಲೆ ಉತ್ತರ ಬೇರೆಯೇ ಆಗುತ್ತಿತ್ತು. ಕಳೆದುಕೊಂಡದ್ದೂ ಇದೆ. ಹೊರಗಿನ ಕೆಲಸ ಮಾಡಬಾರದೆಂಬ ಷರತ್ತಿಗೆ ಸಹಿ ಹಾಕಿದ್ದೇನೆ. ನನ್ನ ಹೆಸರಿಗೆಂದೇ ಹುಡುಕಿಕೊಂಡು ಬರುತ್ತಿದ್ದವರು ಈಗ ಬೇರೆಯವರ ಬಳಿ ಹೋಗುತ್ತಾರೆ. ಅದು ನನಗೆ ಇಂದಿಗೂ ನೋವೇ.

ಸಾಲವಿಲ್ಲದ, ಇನ್ನೊಬ್ಬರ ಸಂಬಳ ಬರುವ ಮನೆಯವರು, ಆರು ತಿಂಗಳ ಖರ್ಚನ್ನು ಕೂಡಿಟ್ಟವರು ಸ್ವಂತ ಕೆಲಸ ಬಿಡುವ ಅಗತ್ಯವಿಲ್ಲ. ಅವರ ಪೈಕಿ ಯಾರಾದರೂ ಕೇಳಿದರೆ ಇರಿ ಅನ್ನುತ್ತೇನೆ. ಉಳಿದವರು ಆಫರ್ ಪತ್ರ ಬಂದಾಗ ಮೂಲ ವೇತನ ಎಷ್ಟು, ಪಿಎಫ್ ಪೂರ್ತಿ ಮೊತ್ತದ ಮೇಲೋ ಬರೀ 15,000ದ ಮೇಲೋ, ಮನೆಮಂದಿಗೆಲ್ಲ ವಿಮೆ ಉಂಟೋ, ಈ ಮೂರನ್ನೂ ಕೇಳಿ ಬರಹದಲ್ಲಿ ಪಡೆಯಿರಿ. ಈಗಿರುವ ಸ್ವಂತ ಆರೋಗ್ಯ ವಿಮೆಯನ್ನು ಮಾತ್ರ ನಿಲ್ಲಿಸಬೇಡಿ, ಕಂಪನಿಯ ವಿಮೆ ಕೆಲಸ ಇರುವತನಕ ಅಷ್ಟೇ.