ಮೇವು ಬಿಟ್ಟ ಬಾತುಕೋಳಿಗೆ ನಳಿಗೆಯಿಂದ ಆಹಾರ

ಕುಟ್ಟನಾಡಿನವರಂತೆ ಸಾವಿರಗಟ್ಟಲೆ ಬಾತುಕೋಳಿ ಸಾಕುವ ರೂಢಿ ಕಾಸರಗೋಡಿನ ನಮ್ಮ ಕಡೆ ಇಲ್ಲ. ತೋಡು, ಕೆರೆ ಸಮೀಪವಿರುವ ಮನೆಗಳಲ್ಲಿ ಎರಡೋ ನಾಲ್ಕೋ ಇರುತ್ತವೆ. ಮಕ್ಕಳು ಹೆಸರಿಟ್ಟು ಕರೆಯುವುದೂ ಉಂಟು. ಅಂಥದೊಂದು ಗರಿಯುಬ್ಬಿಸಿ ಮೂಲೆ ಹಿಡಿದು ಕುಳಿತಾಗ ಕೊಕ್ಕು ಬಿಡಿಸಿ ಗಂಜಿ ಹೊಯ್ಯುವವರೇ ಹೆಚ್ಚು. ಇದು ಕೂಡದು. ಹಕ್ಕಿಯ ಶ್ವಾಸರಂಧ್ರವು ನಾಲಿಗೆಯ ಬುಡದಲ್ಲಿಯೇ ಇದೆ. ಗಂಜಿ ಅದರೊಳಗೆ ಇಳಿದರೆ ಹಕ್ಕಿ ರೋಗಕ್ಕೆ ಮೊದಲು ಗಂಜಿಯಿಂದಲೇ ಸಾಯುತ್ತದೆ.

ಒಂದು ಮಾತು ಮೊದಲೇ ಹೇಳಬೇಕು. ಒಂದರ ಹಿಂದೊಂದು ಹಕ್ಕಿಗಳು ಹಠಾತ್ತನೆ ಸಾಯುತ್ತಿದ್ದರೆ ಈ ಯಾವ ಉಪಚಾರಕ್ಕೂ ಕೈಹಾಕದೆ, ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟದೆ, ಮೃಗಾಸ್ಪತ್ರೆಗೆ ತಿಳಿಸತಕ್ಕದ್ದು. 2014ರಲ್ಲಿಯೂ 2021ರಲ್ಲಿಯೂ ಆಲಪ್ಪುಳ, ಕೋಟ್ಟಯಂ ಜಿಲ್ಲೆಗಳ ಬಾತುಕೋಳಿಗಳಿಗೆ ಹಕ್ಕಿಜ್ವರ ಬಂದಿತ್ತು. ಒಂಟಿ ಹಕ್ಕಿಯನ್ನೂ ವೈದ್ಯರಿಗೆ ತೋರಿಸಲೇಬೇಕು. ನಳಿಗೆಯ ಆಹಾರವು ಜೀವ ಹಿಡಿದಿಡುವ ಉಪಾಯವೇ ಹೊರತು ಔಷಧಿಯಲ್ಲ.

ಮೊದಲು ಬೆಚ್ಚಗಿಡಿ, ಆಮೇಲೆ ನೀರು ಕೊಡಿ, ಕೊನೆಗೆ ಆಹಾರ. ಈ ಕ್ರಮ ತಪ್ಪಬಾರದು. ಬಾತುಕೋಳಿಯ ಮೈಕಾವು ಸುಮಾರು 41 ರಿಂದ 42 ಡಿಗ್ರಿ ಸೆಲ್ಸಿಯಸ್. ಮೈ ತಣ್ಣಗಾದ ಹಕ್ಕಿಯ ಕರುಳು ಕೆಲಸ ಮಾಡದು. ಹಾಕಿದ ಆಹಾರ ಒಳಗೇ ಕೊಳೆಯುತ್ತದೆ. ಒಂದು ಪೆಟ್ಟಿಗೆಗೆ ಬೈಹುಲ್ಲು, ಹಳೆಯ ಬಟ್ಟೆ ಹಾಸಿ, ಒಂದು ಪಕ್ಕಕ್ಕೆ ಮಾತ್ರ ಕಾವು ತಾಗುವಂತೆ ಬಲ್ಬು ತೂಗಹಾಕಿ. ಸೆಕೆಯಾದರೆ ಹಕ್ಕಿ ತಾನೇ ಆಚೆಗೆ ಸರಿಯಲಿ.

ನೀರಿಗೆ ಅಂಗಡಿಯಲ್ಲಿ ಸಿಗುವ ಓ.ಆರ್.ಎಸ್. ಪುಡಿ ಸಾಕು. ಇಲ್ಲದಿದ್ದರೆ ಕಾಯಿಸಿ ಆರಿಸಿದ 1 ಲೀಟರು ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಹಕ್ಕಿಗೆ ವಿಷ.

ನಳಿಗೆ ಹಾಕುವುದನ್ನು ಮೊದಲ ಸಲ ವೈದ್ಯರ ಕೈಯಿಂದಲೇ ನೋಡಿ ಕಲಿಯಬೇಕು. ಮೆತ್ತಗಿನ ನಳಿಗೆ, ಸೂಜಿಯಿಲ್ಲದ ಸಿರಿಂಜು ಬೇಕು. ಕೊಕ್ಕಿನ ತುದಿಯಿಂದ ಎದೆಯೆಲುಬಿನ ಮೊದಲಿನವರೆಗೆ ಅಳೆದು ನಳಿಗೆಗೆ ಗುರುತು ಮಾಡಿ, ಒಳಗಿನ ಗಾಳಿ ಹೋಗುವಂತೆ ಮೊದಲೇ ತುಂಬಿಸಿಡಿ. ಒಬ್ಬರು ರೆಕ್ಕೆ ಸಮೇತ ಬಟ್ಟೆ ಸುತ್ತಿ ಮಡಿಲಲ್ಲಿ ನೆಟ್ಟಗೆ ಹಿಡಿಯಲಿ. ಇನ್ನೊಬ್ಬರು ಕತ್ತನ್ನು ಮೇಲಕ್ಕೆ ನೀಳವಾಗಿಸಿ, ಹಕ್ಕಿಯ ಎಡಬಾಯಿಯಿಂದ ನಳಿಗೆ ತೂರಿಸಿ, ನಾಲಿಗೆಯ ಮೇಲಿಂದ ಗಂಟಲಿನ ಬಲಬದಿಗೆ ಇಳಿಸಬೇಕು. ತಡೆದರೆ ಒತ್ತಬಾರದು. ಗುರುತಿನವರೆಗೆ ಇಳಿದ ಮೇಲೆ ಕತ್ತಿನ ಮೇಲೆ ಬೆರಳಾಡಿಸಿ: ಉಂಗುರ ಉಂಗುರವಾಗಿ ಗಟ್ಟಿಯಾಗಿರುವುದು ಶ್ವಾಸನಾಳ, ಅದರ ಪಕ್ಕದಲ್ಲಿ ಬೇರೆಯಾಗಿ ನಮ್ಮ ನಳಿಗೆ. ಎರಡೂ ಕೈಗೆ ಸಿಕ್ಕಿದರೆ ಮಾತ್ರ ಸಿರಿಂಜು ಒತ್ತಿ. ಹಕ್ಕಿ ಕೆಮ್ಮಿದರೆ ಕೂಡಲೇ ಹೊರಗೆ ತೆಗೆಯಿರಿ.

ಬಾತುಕೋಳಿಗೆ ಕೋಳಿಯಂತೆ ಚೀಲದಾಕಾರದ ಮೇವುಗಂಟಲಿಲ್ಲ; ಅನ್ನನಾಳವೇ ಕೊಂಚ ಅಗಲವಾಗಿದೆ, ಅಷ್ಟೆ. ಆದುದರಿಂದ ಹೆಚ್ಚು ಹೊಯ್ದರೆ ಬಾಯಿಗೇ ಉಕ್ಕುತ್ತದೆ. ಒಂದೂವರೆ ಕಿಲೋ ತೂಗುವ ಹಕ್ಕಿಗೆ ಮೊದಲ ಸಲ 30 ಮಿಲಿಲೀಟರು, ಅದೂ ನೀರು ಮಾತ್ರ. ತಡೆದುಕೊಂಡರೆ ಮೆಲ್ಲಗೆ 60ರವರೆಗೆ ಏರಿಸಬಹುದು, ದಿನಕ್ಕೆ ಮೂರು ನಾಲ್ಕು ಸಲ. ಬಾಯಲ್ಲಿ ದ್ರವ ಕಂಡರೆ ನಳಿಗೆ ಮಡಚಿ ಹಿಡಿದು ಎಳೆದು, ಹಕ್ಕಿಯನ್ನು ಬಿಟ್ಟುಬಿಡಿ. ತಲೆ ಕೊಡವಿ ತಾನೇ ಹೊರಹಾಕುತ್ತದೆ.

ನೀರು ಇಳಿದು ಹಿಕ್ಕೆ ಬಂದ ಮೇಲೆ ಆಹಾರ: ಬಾತುಕೋಳಿಯ ಮೇವನ್ನು ನುಣ್ಣಗೆ ಪುಡಿಮಾಡಿ, ನೆನೆಸಿ, ಬಟ್ಟೆಯಲ್ಲಿ ಸೋಸಿ, ಬೇಯಿಸಿದ ಮೊಟ್ಟೆಯ ಹಳದಿ ಕಲಸಿದರಾಯಿತು. ಉಗುರು ಬೆಚ್ಚಗಿರಲಿ, ಬಿಸಿ ಹೆಚ್ಚಿದರೆ ಅನ್ನನಾಳ ಬೇಯುತ್ತದೆ. ಹಾಲು ಬೇಡ, ಹಕ್ಕಿಗೆ ಅರಗದು. ಬೂಷ್ಟು ಹಿಡಿದ ಕಡಲೆಹಿಂಡಿ ಖಂಡಿತ ಬೇಡ. 1960ರಲ್ಲಿ ಇಂಗ್ಲೆಂಡಿನಲ್ಲಿ ಅಂಥ ಹಿಂಡಿ ತಿಂದು ಲಕ್ಷಕ್ಕೆ ಮೀರಿ ಟರ್ಕಿಕೋಳಿಗಳು ಸತ್ತವು. ಆ ವಿಷಕ್ಕೆ ಬಾತುಮರಿಗಳು ಎಲ್ಲಕ್ಕಿಂತ ಬೇಗ ಬಲಿಯಾಗುತ್ತವೆ. ನಮ್ಮ ಮಳೆಗಾಲದಲ್ಲಿ ಮೇವಿನ ಗೋಣಿಯನ್ನು ನೆಲಕ್ಕೆ ತಾಗಿಸಿ ಇಡುವವರು ಇದನ್ನು ಗಮನಿಸಬೇಕು.

ಪ್ರತಿದಿನ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಕತ್ತು ಎತ್ತಲಾರದ ಹಕ್ಕಿಯನ್ನು ನೀರಿಗೆ ಬಿಡಕೂಡದು, ಬಾತುಕೋಳಿಯಾದರೂ ಮುಳುಗಿ ಸಾಯುತ್ತದೆ. ಚೇತರಿಸಿದಂತೆ ಮೂಗಿನ ಹೊಳ್ಳೆ ಅದ್ದುವಷ್ಟು ಆಳದ ಪಾತ್ರೆಯಲ್ಲಿ ನೀರಿಡಿ. ತಾನಾಗಿ ಮೇಯತೊಡಗಿದಾಗ ನಳಿಗೆಯ ಸರದಿ ಒಂದೊಂದಾಗಿ ಬಿಡುತ್ತಾ ಬಂದು, ಎರಡು ಮೂರು ದಿನ ತೂಕ ಇಳಿಯದಿದ್ದರೆ ಪೂರ್ತಿ ನಿಲ್ಲಿಸಬಹುದು.