ಭಾನುವಾರ ದುರ್ಗಕ್ಕೆ ಹೋದೆವು



ಭಾನುವಾರ ಯಾರಿಗೆ ರಜ? ಶಾಲೆಗೆ ರಜ. ಕಚೇರಿಗೆ ರಜ. ಬ್ಯಾಂಕಿಗೂ ರಜ. ನಮಗೆ? ಅವತ್ತೇ ಬಟ್ಟೆಯ ರಾಶಿ. ಅವತ್ತೇ ಮಕ್ಕಳಿಗೆ ಎಣ್ಣೆ ಸ್ನಾನ. ನೆಂಟರು ಬರುವುದೂ ಅವತ್ತೇ.

ನಾವು ಹೆಂಗಸರು ಊರು ಬಿಟ್ಟು ಹೊರಡಲು ಮೂರೇ ಕಾರಣ. ಮದುವೆ, ಸಾವು, ಆಸ್ಪತ್ರೆ. ಜಾತ್ರೆ ಸೇರಿಸಿದರೆ ನಾಲ್ಕು. ಸುಮ್ಮನೆ ನೋಡಿಕೊಂಡು ಬರೋಣ ಎಂದು ಹೊರಡುವುದು ನಮ್ಮ ಲೆಕ್ಕದಲ್ಲೇ ಇಲ್ಲ. ಪ್ರವಾಸ ಎಂದರೆ ಧರ್ಮಸ್ಥಳ, ತಿರುಪತಿ. ಅದಕ್ಕೆ ವರ್ಷವಿಡೀ ದುಡ್ಡು ಕೂಡಿಡಬೇಕು. ಆ ದೊಡ್ಡ ಪ್ರವಾಸದ ಮಾತು ಇಲ್ಲಿ ಬೇಡ. ಬೆಳಿಗ್ಗೆ ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುವ ಸಣ್ಣ ಪ್ರವಾಸದ ಕತೆ ಇದು.

ನಮ್ಮ ಊರಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ನಾವು ಅದನ್ನು ದುರ್ಗ ಎಂದೇ ಕರೆಯುತ್ತೇವೆ. ಒಂದು ಶನಿವಾರ ರಾತ್ರಿ ಊಟಕ್ಕೆ ಕುಳಿತಿದ್ದೆವು. ನಮ್ಮ ಮಗ ಕೇಳಿದ.

“ಅಮ್ಮಾ, ಓಬವ್ವನ ಕಿಂಡಿ ನಿಜವಾಗ್ಲೂ ಐತಾ?”

“ಐತಪ್ಪ. ದುರ್ಗದ ಕೋಟೆಯೊಳಗೆ ಐತೆ.”

“ಅಜ್ಜೀ, ನೀನು ನೋಡಿದ್ದೀಯಾ?”

ಅತ್ತೆ ತುತ್ತು ಕೈಯಲ್ಲಿ ಹಿಡಿದು ಸುಮ್ಮನಾದರು. ಮದುವೆಯಾಗಿ ಈ ಊರಿಗೆ ಬಂದು ಅವರಿಗೆ ನಲವತ್ತು ವರ್ಷ. ದುರ್ಗಕ್ಕೆ ಎಷ್ಟೋ ಸಲ ಹೋಗಿದ್ದಾರೆ. ಆಸ್ಪತ್ರೆಗೆ ಹೋಗಿದ್ದಾರೆ, ತಾಲ್ಲೂಕು ಕಚೇರಿಗೆ ಹೋಗಿದ್ದಾರೆ, ಮದುವೆ ಸೀರೆ ತರಲು ಹೋಗಿದ್ದಾರೆ. ಬಸ್ಸಿನ ಕಿಟಕಿಯಿಂದ ಬೆಟ್ಟ ನೋಡಿದ್ದಾರೆ. ಕೋಟೆ ಬಾಗಿಲು ಮಾತ್ರ ದಾಟಿಲ್ಲ.

“ನನ್ನನ್ನು ಯಾರು ಕರ್ಕೊಂಡು ಹೋದರು?” ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಇದ್ದ ಮಾತು ಹೇಳಿದರು.

“ಹಾಗಾದ್ರೆ ನಾಳೆ ಹೋಗೋಣ” ಎಂದೆವು.

ಅತ್ತೆ ಒಪ್ಪಲಿಲ್ಲ. ಮಂಡಿ ನೋವು ಎಂದರು. ಎಮ್ಮೆಗೆ ಹುಲ್ಲು ಹಾಕುವವರು ಯಾರು ಎಂದರು. ಬಟ್ಟೆ ಒಗೆಯುವುದಿದೆ ಎಂದರು. ಎಮ್ಮೆಯನ್ನು ನೋಡಿಕೊಳ್ಳಲು ಪಕ್ಕದ ಮನೆಯವರು ಒಪ್ಪಿದರು. ಬಟ್ಟೆ ಸೋಮವಾರ ಒಗೆದರೂ ಬಟ್ಟೆಯೇ. ನಮ್ಮ ಮನೆಯವರು, “ಬಾರಮ್ಮ, ಆಟೋ ಮಾಡೋಣ” ಎಂದರು. ಮಂಡಿ ನೋವಿನ ಮಾತು ಅಲ್ಲಿಗೆ ನಿಂತಿತು.

ಎದುರುಮನೆ ಅಕ್ಕನಿಗೂ ಹೇಳಿದೆವು. ಅವರು ನಮ್ಮ ಕಲಿಕಾ ಕೇಂದ್ರಕ್ಕೆ ಬರುತ್ತಾರೆ. ಅವರಿಗೆ ಒಂಬತ್ತು ವರ್ಷದ ಮಗಳಿದ್ದಾಳೆ. “ಇಷ್ಟು ಹೊತ್ತಿನಲ್ಲಿ ಹೇಳಿದ್ರೆ ಹೆಂಗೆ ಟೀಚರೇ?” ಎಂದರು. ಬೆಳಿಗ್ಗೆ ನಾವು ಏಳುವ ಮೊದಲೇ ಅವರ ಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ಕೇಳಿಸಿತು.

ಕಟ್ಟಿಕೊಂಡ ಬುತ್ತಿ ಇಷ್ಟೇ. ರಾಗಿ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ಎರಡು ದೊಡ್ಡ ಬಾಟಲಿ ನೀರು. ದೊಡ್ಡವರ ಆಧಾರ್ ಕಾರ್ಡು, ಮಕ್ಕಳದ್ದೂ ಇಟ್ಟುಕೊಂಡೆವು. ಅಕ್ಕ ಒಂದು ಕೆಲಸ ಮಾಡಿದರು. ಮೂರು ಚೀಟಿ ಹರಿದು, ಮೂರು ಮಕ್ಕಳ ಹೆಸರು, ಊರು, ಫೋನ್ ನಂಬರು ಬರೆದರು. ಒಂದೊಂದನ್ನು ಒಬ್ಬೊಬ್ಬರ ಜೇಬಿಗೆ ಹಾಕಿದರು. ಜನಸಂದಣಿಯಲ್ಲಿ ಮಗು ಕೈ ತಪ್ಪಿದರೆ ಈ ಚೀಟಿ ಮಾತಾಡುತ್ತದೆ. ಅಕ್ಷರ ಸ್ವಲ್ಪ ಸೊಟ್ಟಗಿತ್ತು. ಇರಲಿ, ಓದಲು ಬರುತ್ತಿತ್ತು.

ಬಸ್ಸಿನ ಬೋರ್ಡು

ಬಸ್ ನಿಲ್ದಾಣಕ್ಕೆ ಮೊದಲು ಒಂದು ಖಾಸಗಿ ಬಸ್ಸು ಬಂತು. “ದುರ್ಗ, ದುರ್ಗ, ದುರ್ಗ” ಎಂದು ಕೂಗಿದರು. ಮಕ್ಕಳು ಓಡಿದರು. ಅಕ್ಕ, “ನಿಲ್ರೋ” ಎಂದರು. ಬಸ್ಸಿನ ಮೈ ನೋಡಿದರು. ಅಲ್ಲಿ ‘ಕರ್ನಾಟಕ ಸಾರಿಗೆ’ ಎಂದು ಇರಲಿಲ್ಲ.

ಇದು ನಾವೆಲ್ಲ ತಿಳಿದಿರಬೇಕಾದ ವಿಷಯ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಸಾಮಾನ್ಯ ಬಸ್ಸಿಗೂ ವೇಗದೂತ ಬಸ್ಸಿಗೂ ಇದು ಉಂಟು. ರಾಜಹಂಸ, ಎಸಿ ಬಸ್ಸಿಗೆ ಇಲ್ಲ. ಖಾಸಗಿ ಬಸ್ಸಿಗೂ ಇಲ್ಲ. ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ಕಂಡಕ್ಟರು ಶೂನ್ಯ ಟಿಕೆಟ್ ಕೊಡುತ್ತಾರೆ. ದುಡ್ಡಿಲ್ಲದ ಟಿಕೆಟ್ ಎಂದು ಬಿಸಾಡಬೇಡಿ. ಇಳಿಯುವ ತನಕ ಕೈಯಲ್ಲಿರಲಿ.

ಸ್ವಲ್ಪ ಹೊತ್ತಿಗೆ ಕೆಂಪು ಬಸ್ಸು ಬಂತು. ಅಕ್ಕ ಬೋರ್ಡು ಓದಿದರು. “ಚಿ... ತ್ರ... ದು... ರ್ಗ.” ಕಷ್ಟದ ಹೆಸರು ಅದು. ತಕಾರಕ್ಕೆ ರಕಾರದ ಒತ್ತು ಇದೆ. ಕೊನೆಗೆ ಅರ್ಕಾವತ್ತು. ಕಣ್ಣಿಗೆ ಮೊದಲು ಗ ಕಾಣುತ್ತದೆ, ಬಾಯಿ ಮೊದಲು ರ್ ಎನ್ನಬೇಕು. ಅಕ್ಕ ತಪ್ಪಿಲ್ಲದೆ ಓದಿದರು. ಯಾರನ್ನೂ ಕೇಳದೆ ಬಸ್ಸು ಹತ್ತಿದರು. ನಾವು ಅವರ ಹಿಂದೆ ಹತ್ತಿದೆವು.

ಕೋಟೆಯಲ್ಲಿ

ನಿಲ್ದಾಣದಿಂದ ಕೋಟೆಗೆ ಆಟೋದಲ್ಲಿ ಹೋದೆವು. ಬಾಗಿಲಲ್ಲಿ ದೊಡ್ಡವರಿಗೆ ಟಿಕೆಟ್ ಉಂಟು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಇಲ್ಲ.

ದುರ್ಗದ್ದು ಏಳು ಸುತ್ತಿನ ಕೋಟೆ. ಒಂದು ಬಾಗಿಲು ದಾಟಿದರೆ ದಾರಿ ತಿರುಗುತ್ತದೆ. ಮುಂದೇನಿದೆ ಎಂದು ಕಾಣುವುದೇ ಇಲ್ಲ. ಶತ್ರುಗಳು ನೇರವಾಗಿ ನುಗ್ಗಬಾರದು ಎಂದು ಹಾಗೆ ಕಟ್ಟಿದ್ದಾರೆ. ಒಂದು ಕಡೆ ನೆಲದ ಕೆಳಗೆ ನಾಲ್ಕು ಭಾರಿ ಬೀಸುವ ಕಲ್ಲುಗಳಿವೆ. ಅಕ್ಕ, “ಅಬ್ಬಾ, ಇಷ್ಟು ದೊಡ್ಡ ಕಲ್ಲಲ್ಲಿ ಯಾವ ಹಿಟ್ಟು ಬೀಸ್ತಿದ್ರು?” ಎಂದರು. ಅದು ಹಿಟ್ಟಿಗಲ್ಲ. ಕೋವಿ, ಫಿರಂಗಿಗೆ ಬೇಕಾದ ಮದ್ದು ಬೀಸುವ ಕಲ್ಲು. ಪ್ರಾಣಿಗಳನ್ನು ಕಟ್ಟಿ ತಿರುಗಿಸುತ್ತಿದ್ದರಂತೆ.

ಮೇಲೆ ಗುಡಿಗಳಿವೆ. ಏಕನಾಥೇಶ್ವರಿಗೆ ಕೈ ಮುಗಿದು ಅತ್ತೆ ನೆರಳಲ್ಲಿ ಕುಳಿತರು. ಹೊಂಡಗಳೂ ಇವೆ. ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ. ಮೇಲಿನ ಹೊಂಡ ತುಂಬಿದರೆ ನೀರು ಕೆಳಗಿನ ಹೊಂಡಕ್ಕೆ ಇಳಿಯುತ್ತದೆ. ನಮ್ಮದು ಮಳೆ ಕಡಿಮೆ ಇರುವ ಜಿಲ್ಲೆ. ಕೊಡ ಹೊತ್ತು ನಡೆದವರಿಗೆ ಈ ಜಾಣತನ ಬೇಗ ಅರ್ಥವಾಗುತ್ತದೆ. ಮಕ್ಕಳನ್ನು ಮಾತ್ರ ಹೊಂಡದ ಹತ್ತಿರ ಬಿಡಬಾರದು. ಕಲ್ಲು ಜಾರುತ್ತದೆ. ಅಲ್ಲಿ ನಾವು ಮಾತು ಬಿಟ್ಟು ಕೈ ಹಿಡಿದುಕೊಂಡೇ ನಡೆದೆವು. ಕೋತಿಗಳೂ ಇವೆ. ಬುತ್ತಿಯ ಚೀಲವನ್ನು ಸೆರಗಿನೊಳಗೆ ಇಟ್ಟುಕೊಳ್ಳಿ!

ಕಿಂಡಿಯ ಹತ್ತಿರ ಫಲಕ ಇದೆ. ಅಕ್ಕನ ಮಗಳು ಓದಲು ಬಾಯಿ ತೆರೆದಳು. “ನೀನು ಸುಮ್ಕಿರು, ನಾನು ಓದ್ತೀನಿ” ಎಂದರು ಅಕ್ಕ. “ಒನಕೆ... ಓಬವ್ವನ... ಕಿಂಡಿ.” ಆಮೇಲೆ ನಮ್ಮ ಕಡೆ ತಿರುಗಿ, “ಒನಕೆಗೆ ಗಿಡ್ಡ ಒ, ಓಬವ್ವನಿಗೆ ಉದ್ದ ಓ. ಸರೀನಾ ಟೀಚರೇ?” ಎಂದರು. ಸರಿ.

ಕತೆ ನಿಮಗೆ ಗೊತ್ತಿರಬಹುದು. 1972ರ ‘ನಾಗರಹಾವು’ ಸಿನಿಮಾದಲ್ಲಿ ಜಯಂತಿಯವರು ಓಬವ್ವ ಆಗಿದ್ದರು. ಆಗ ಮದಕರಿ ನಾಯಕನ ಕಾಲ. ಹೈದರಾಲಿ ಮತ್ತೆ ಮತ್ತೆ ದಂಡೆತ್ತಿ ಬರುತ್ತಿದ್ದ. ಓಬವ್ವನ ಗಂಡ ಕೋಟೆಯ ಕಾವಲುಗಾರ. ಅವನು ಊಟಕ್ಕೆ ಮನೆಗೆ ಬಂದ. ನೀರು ತರಲು ಹೊರಟ ಓಬವ್ವನಿಗೆ ಬಂಡೆಯ ಸಂದಿಯಲ್ಲಿ ಗುಸುಗುಸು ಕೇಳಿಸಿತು. ಶತ್ರು ಸೈನಿಕರು ಒಬ್ಬೊಬ್ಬರಾಗಿ ತೂರಿ ಬರುತ್ತಿದ್ದರು. ಅವಳು ಗಂಡನ ಊಟ ಕೆಡಿಸಲಿಲ್ಲ. ಒನಕೆ ತಂದು ನಿಂತಳು. ತಲೆ ಹೊರಗೆ ಬಂದಂತೆ ಹೊಡೆದಳು, ಹೆಣ ಎಳೆದು ಬದಿಗೆ ಹಾಕಿದಳು. ಕೊನೆಗೆ ಅವಳೂ ಅಲ್ಲೇ ಪ್ರಾಣ ಬಿಟ್ಟಳು ಎಂದು ಜನ ಹೇಳುತ್ತಾರೆ. ಕೋಟೆ 1779ರಲ್ಲಿ ಹೈದರಾಲಿಯ ವಶವಾಯಿತು. ಅದು ಬೇರೆ ಮಾತು. ಈಗ ಪ್ರತಿ ವರ್ಷ ನವೆಂಬರ್ 11ರಂದು ಸರ್ಕಾರ ಓಬವ್ವ ಜಯಂತಿ ಮಾಡುತ್ತದೆ.

ನಮ್ಮ ಮಗ ಕಿಂಡಿಯಲ್ಲಿ ತೂರಿ ಆಚೆ ಹೋಗಿ ಈಚೆ ಬಂದ. “ಅಜ್ಜೀ, ಒನಕೆ ಅಷ್ಟು ಭಾರ ಇರ್ತದಾ?” ಎಂದ.

ಮೂರು ಮಕ್ಕಳೂ ಒನಕೆ ಕುಟ್ಟುವುದನ್ನು ನೋಡಿಯೇ ಇಲ್ಲ. ಅವರು ನೋಡಿರುವುದು ಮಿಕ್ಸಿ, ಹಿಟ್ಟಿನ ಗಿರಣಿ. ಅತ್ತೆ ಎದ್ದು ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಇಲ್ಲದ ಒನಕೆಯನ್ನು ಎರಡೂ ಕೈಯಲ್ಲಿ ಎತ್ತಿದರು.

“ತೋಳಿನ ಬಲದಿಂದ ಎತ್ತಿದ್ರೆ ಹತ್ತು ಏಟಿಗೆ ಸುಸ್ತು. ಸೊಂಟದಿಂದ ಎತ್ತಬೇಕು. ಉಸಿರು ಬಿಡುತ್ತಾ ಇಳಿಸಬೇಕು. ನಾನು ನಿನ್ನಷ್ಟಿದ್ದಾಗ ದಿನಾ ಬೆಳಗಿನ ಜಾವ ಎದ್ದು ಕುಟ್ತಿದ್ದೆ. ಓಬವ್ವನೂ ಹಂಗೇ ಕುಟ್ಟಿರ್ತಾಳೆ. ಯುದ್ಧ ಯಾರೂ ಅವಳಿಗೆ ಕಲಿಸಲಿಲ್ಲ. ಕೈಗೆ ಬಂದದ್ದೇ ಆ ಕೆಲಸ.”

ನಮ್ಮ ಮಗಳು ಹನ್ನೊಂದು ವರ್ಷದವಳು. ಅಜ್ಜಿಯ ಹಾಗೆಯೇ ನಿಂತು, ಕೈ ಎತ್ತಿ ಇಳಿಸಿದಳು. ನೋಡಲು ಬಂದಿದ್ದ ಬೇರೆ ಊರಿನ ಹೆಂಗಸರೂ ನಿಂತು ನೋಡಿದರು. ಅವರಲ್ಲೊಬ್ಬರು, “ಅಮ್ಮಾ, ಇನ್ನೊಂದು ಸಲ ತೋರಿಸ್ರಿ” ಎಂದರು. ಅತ್ತೆ ತೋರಿಸಿದರು.

ನಲವತ್ತು ವರ್ಷ ಒಂದೇ ಮನೆಯಲ್ಲಿ ಇದ್ದರೂ ಅತ್ತೆ ಅಷ್ಟು ಮಾತಾಡಿದ್ದನ್ನು ನಮ್ಮ ಮನೆಯವರೇ ಕೇಳಿರಲಿಲ್ಲವಂತೆ.

ಖರ್ಚಿನ ಲೆಕ್ಕ

ಇಳಿಯುವಾಗ ನಡೆದೇ ಬಂದೆವು. ಪೇಟೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಟೀ ಕುಡಿದೆವು. ಆ ದುಡ್ಡು ತಾನೇ ಕೊಡುತ್ತೇನೆ ಎಂದು ಅಕ್ಕ ಹಟ ಹಿಡಿದರು. ವಾಪಸು ಬರುವಾಗ ಬಸ್ಸಿನಲ್ಲಿ ಲೆಕ್ಕ ಬರೆದವರೂ ಅವರೇ.

ಬಸ್ಸು: ಗಂಡಸು ಒಬ್ಬರು, ಹೋಗಿ ಬರಲು 60 ರೂಪಾಯಿ
ಹುಡುಗನ ಅರ್ಧ ಟಿಕೆಟ್: 30 ರೂಪಾಯಿ
ಆಟೋ: 100 ರೂಪಾಯಿ
ಕೋಟೆ ಟಿಕೆಟ್, 4 ಜನಕ್ಕೆ: 100 ರೂಪಾಯಿ
ಮಂಡಕ್ಕಿ, ಬಜ್ಜಿ, ಟೀ: 150 ರೂಪಾಯಿ
ಒಟ್ಟು: 440 ರೂಪಾಯಿ

ಎರಡು ಮನೆ, ಏಳು ಜನ. ಮೂವರು ಹೆಂಗಸರು, ಇಬ್ಬರು ಹುಡುಗಿಯರಿಗೆ ಬಸ್ಸಿನ ದುಡ್ಡು ಕೊಡಬೇಕಾಗಿದ್ದರೆ ಇನ್ನೂ 240 ರೂಪಾಯಿ ಆಗುತ್ತಿತ್ತು. ಈ ಲೆಕ್ಕವನ್ನೂ ಅಕ್ಕ ಕೆಳಗೆ ಬರೆದು ಗೆರೆ ಎಳೆದರು.

ಅತ್ತೆ ಕಿಟಕಿ ಪಕ್ಕ ಕುಳಿತಿದ್ದರು. “ಮಾರಿಕಣಿವೆಗೆ ಯಾವ ಬಸ್ಸು?” ಎಂದು ಕೇಳಿದರು. ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರಕ್ಕೆ ನಮ್ಮ ಕಡೆ ಹಾಗೇ ಹೇಳುತ್ತಾರೆ. ವೇದಾವತಿ ನದಿಗೆ ಕಟ್ಟಿದ ಅಣೆಕಟ್ಟು ಅದು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಊರೂರಿನ ಜನ ನೋಡಲು ಹೋದರು. ಅತ್ತೆ ಆಗಲೂ ಮನೆಯಲ್ಲೇ ಇದ್ದರು.

ನೀವೇ ಮಾಡಿ

1. ಓದಿ: ಚಿತ್ರದುರ್ಗ, ಕರ್ನಾಟಕ, ಒನಕೆ, ಓಬವ್ವ, ಅಕ್ಕತಂಗಿ, ಫಿರಂಗಿ.
2. ನಿಮ್ಮ ಊರಿಂದ ಒಂದು ಗಂಟೆಯೊಳಗೆ ಹೋಗಬಹುದಾದ, ನೀವು ಇನ್ನೂ ನೋಡದ ಒಂದು ಜಾಗದ ಹೆಸರು ಬರೆಯಿರಿ.
3. ಅಲ್ಲಿಗೆ ಹೋಗುವ ಬಸ್ಸಿನ ಬೋರ್ಡಿನಲ್ಲಿ ಏನು ಬರೆದಿರುತ್ತದೆ? ಬರೆಯಿರಿ.
4. ನಿಮ್ಮ ಮನೆಯಲ್ಲಿ ಯಾರನ್ನು ಮೊದಲು ಕರೆದುಕೊಂಡು ಹೋಗುತ್ತೀರಿ?